ಊರು ಯಾವುದು ಎಂದು ಕೇಳಿದಾಗ ನಾವು ಹೇಳುವುದು ಯಾವ ಊರನ್ನು?

ಅರಸೀಕೆರೆ_ಜಂಕ್ಷನ್:

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ವಿಷಯವೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ಕೆಲಸ ಹಿಡಿದವರೂ ಯಾರಾದರೂ ಊರು ಕೇಳಿದರೆ ಹಾಸನ, ಮಂಡ್ಯ, ಗದಗ ಎಂದು ತಂದೆಯ ಊರನ್ನೋ ಅಜ್ಜನ ಊರನ್ನೋ ಹೇಳುತ್ತಾರೆ. ಇದು ಬರೀ ಬಾಯಿಪಾಠದ ಉತ್ತರ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹುಟ್ಟಿದ ಸ್ಥಳವು ನಮ್ಮಲ್ಲಿ ಊರನ್ನು ನಿರ್ಧರಿಸಿದ್ದು ಕಡಿಮೆ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದಾಗಿ ಮಗು ಹುಟ್ಟುವುದು ತಾಯಿಯ ತವರಿನಲ್ಲಿ, ಅದರ ಊರು ಮಾತ್ರ ತಂದೆಯದು. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಹೆಸರಿನ ಮೊದಲಕ್ಷರ ಸೂಚಿಸುವುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯನ್ನು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ಆದರೆ ಆ ‘ಎಂ’ ಮುದ್ದೇನಹಳ್ಳಿಯದಲ್ಲ, ಅವರ ಪೂರ್ವಿಕರು ಬಿಟ್ಟುಬಂದ ಆಂಧ್ರದ ಮೋಕ್ಷಗುಂಡಂ ಎಂಬ ಊರಿನದು. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಅಡ್ಡಹೆಸರು ಮಾಡುತ್ತದೆ. ಸವದತ್ತಿ, ನವಲಗುಂದ, ಮುನವಳ್ಳಿ ಎಂಬ ಅಡ್ಡಹೆಸರಿನವರು ನಮಗೆ ಸಿಗುವುದು ಹೆಚ್ಚಾಗಿ ಬೇರೆ ಊರುಗಳಲ್ಲಿ, ಏಕೆಂದರೆ ಊರಿನ ಹೆಸರು ಹಿಡಿದು ಗುರುತಿಸಬೇಕಾಗುವುದು ಆ ಊರನ್ನು ಬಿಟ್ಟು ಬಂದವರನ್ನೇ.

ನನ್ನ ತಿಳುವಳಿಕೆಯಂತೆ, ಊರು ಎಂದು ನಾವು ಹೇಳುವುದು ನಮ್ಮನ್ನು ಕರೆಸಿಕೊಳ್ಳುವ ಹಕ್ಕಿರುವ ಜಾಗವನ್ನು. ಊರಹಬ್ಬಕ್ಕೆ ವಂತಿಗೆ ಕೊಡಲು, ದಾಯಾದಿಗಳ ಮನೆಯಲ್ಲಿ ಸಾವಾದರೆ ಸೂತಕ ಹಿಡಿಯಲು, ಪಹಣಿಯಲ್ಲಿ ಹೆಸರಿದೆ ಎಂಬ ಕಾರಣಕ್ಕೆ ತಾಲ್ಲೂಕು ಕಚೇರಿಯಲ್ಲಿ ಹೋಗಿ ನಿಲ್ಲಲು ನಮಗೆ ಎಲ್ಲಿಂದ ಕರೆ ಬರುತ್ತದೆಯೋ ಅದು ನಮ್ಮ ಊರು. ಹಾಗಾದರೆ ಆ ಕರೆ ನಿಂತುಹೋದ ಮೇಲೆಯೂ ಆ ಊರಿನವರು ಎಂದು ಹೇಳಿಕೊಳ್ಳಬಹುದೇ? ನಿಮ್ಮ ಕಡೆಯ ವಾಡಿಕೆಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಪಡುಕಡಲು:

ಅರಸೀಕೆರೆಯವರೇ, ಕರೆ ಎಂಬ ನಿಮ್ಮ ಮಾತು ತುಳುನಾಡಿನ ಮಟ್ಟಿಗೆ ಅಕ್ಷರಶಃ ನಿಜ. ಮುಂಬಯಿಯಲ್ಲಿ ನೆಲೆಸಿ ಮೂರು ತಲೆಮಾರು ಕಳೆದ ಮನೆಗಳಲ್ಲಿಯೂ ಊರಿಗೆ ಹೋಗುವುದು ಎಂದರೆ ಉಡುಪಿ ಅಥವಾ ದಕ್ಷಿಣ ಕನ್ನಡ ಜಿಲ್ಲೆಯ ಒಂದು ನಿರ್ದಿಷ್ಟ ಗ್ರಾಮಕ್ಕೆ, ಅಲ್ಲಿಯೂ ಒಂದು ನಿರ್ದಿಷ್ಟ ಮನೆಗೆ ಹೋಗುವುದು ಎಂದೇ ಅರ್ಥ. ನಾಗರಪಂಚಮಿಯ ದಿನ ಕುಟುಂಬದ ಮೂಲಸ್ಥಾನದ ನಾಗಬನಕ್ಕೆ ಹಾಲು, ಸೀಯಾಳ ತಂದು ತನು ಹಾಕಬೇಕು, ಅಂದರೆ ನಾಗನ ಕಲ್ಲಿಗೆ ಎರೆಯಬೇಕು. ಕುಟುಂಬದ ದೈವಗಳ ಕೋಲ ನಡೆಯುವಾಗ ಖರ್ಚಿನ ಪಾಲು ಕೊಡಬೇಕು. ಪಾಲು ಕೊಟ್ಟವರ ಪಟ್ಟಿಯಲ್ಲಿ ಹೆಸರಿರುವುದೇ ಆ ಊರಿಗೆ ಸೇರಿದವರು ಎಂಬುದಕ್ಕೆ ಸಾಕ್ಷಿ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಸಮುದಾಯಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಆದುದರಿಂದ ನೀವು ಹೇಳಿದ ‘ತಂದೆಯ ಊರು’ ಎಂಬ ನಿಯಮ ಇಲ್ಲಿ ತಿರುಗುಮುರುಗಾಗುತ್ತದೆ: ತಂದೆ ಬೆಳೆದ ಮನೆಗೆ ಮಕ್ಕಳು ನೆಂಟರು, ತಾಯಿಯ ತರವಾಡು ಮನೆಗೆ, ಅಂದರೆ ಅವಳ ಕುಟುಂಬದ ಮೂಲ ಮನೆಗೆ, ಕುಟುಂಬದವರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ವಿಚಾರದಲ್ಲಿ ಅಳಿಯಸಂತಾನ ಹಿಂದೆ ಸರಿಯಿತು. ನಾಗ ಮತ್ತು ದೈವಗಳ ವಿಚಾರದಲ್ಲಿ ಹಾಗೆಯೇ ಉಳಿಯಿತು. ಆಸ್ತಿ ಒಂದು ಊರಿನಲ್ಲಿ, ಮೂಲಸ್ಥಾನ ಮತ್ತೊಂದು ಊರಿನಲ್ಲಿ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಊರು ಯಾವುದೆಂದು ಕೇಳಿದರೆ ಅವರು ಎರಡನೆಯದನ್ನೇ ಹೇಳುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆಗೆ ನಮ್ಮ ಕಡೆಯಿಂದ ಉತ್ತರವಿದೆ. ಮೂಲಸ್ಥಾನ ಯಾವುದೆಂದು ಮರೆತುಹೋದ ಕುಟುಂಬಗಳು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ, ಹಿರಿಯರನ್ನು ವಿಚಾರಿಸಿ, ಪೊದೆ ಬೆಳೆದ ಬನವನ್ನು ಹುಡುಕಿ ಜೀರ್ಣೋದ್ಧಾರ ಮಾಡಿಸುತ್ತವೆ. ಕರೆ ನಿಂತಿದೆ ಎಂದು ಅವರು ಒಪ್ಪುವುದಿಲ್ಲ. ತಮಗೆ ಕೇಳಿಸಲಿಲ್ಲ ಎಂದುಕೊಳ್ಳುತ್ತಾರೆ.

ಜಯನಗರ_ನಾಲ್ಕನೇ_ಬ್ಲಾಕ್:

ನಾನು ಇದನ್ನು ಒಪ್ಪುವುದಿಲ್ಲ, ಮತ್ತು ಒಪ್ಪದಿರುವುದಕ್ಕೆ ಕಾರಣವಿದೆ. ನನ್ನ ತಂದೆ ತಿಪಟೂರಿನ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಅವರಿಗೆ ತಿಪಟೂರು ಊರು, ನನಗೆ ಅಲ್ಲ. ಯಾರು ಕೇಳಿದರೂ ನಾನು ಬೆಂಗಳೂರು ಎನ್ನುತ್ತೇನೆ. ಆಗ ಎದುರಿನವರು ತಪ್ಪದೇ ಕೇಳುತ್ತಾರೆ: “ಅಲ್ಲ, ಮೂಲ ಊರು?” ಬೆಂಗಳೂರು ಯಾರಿಗೂ ಮೂಲವಾಗಲು ಸಾಧ್ಯವಿಲ್ಲ ಎಂಬ ನಂಬಿಕೆ ಈ ಪ್ರಶ್ನೆಯೊಳಗೆ ಕುಳಿತಿದೆ.

2011ರ ಜನಗಣತಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ಇಷ್ಟು ಜನರಲ್ಲಿ ಬಹುಪಾಲು ಮಂದಿ ತಮ್ಮ ಊರು ಬೇರೆಲ್ಲೋ ಇದೆ ಎಂದುಕೊಂಡು ಬದುಕಿದರೆ ಈ ನಗರದ ಯೋಗಕ್ಷೇಮವನ್ನು ಕೇಳುವವರು ಯಾರು? ಗೌರಿ ಗಣೇಶ ಹಬ್ಬಕ್ಕೆ, ಚುನಾವಣೆಗೆ ಮೆಜೆಸ್ಟಿಕ್‌ನಿಂದ ಬಸ್ಸು ಹತ್ತುವವರನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಹಳ್ಳಿಯ ದೇವಸ್ಥಾನದ ಗೋಪುರಕ್ಕೆ ಹಣ ಕಳಿಸುವ ನೆರೆಯವರು ತಮ್ಮ ವಾರ್ಡಿನ ಕೆರೆಯ ಹೆಸರನ್ನೂ ತಿಳಿದಿರುವುದಿಲ್ಲ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, 2017ರಲ್ಲಿ ಬೆಂಕಿಯೇ ಕಾಣಿಸಿಕೊಂಡಾಗ ಬೀದಿಗೆ ಬಂದ ನಾಗರಿಕರು ಇದ್ದರು, ನಿಜ, ಆದರೆ ಅಷ್ಟು ದೊಡ್ಡ ನಗರಕ್ಕೆ ಅವರ ಸಂಖ್ಯೆ ಏನೇನೂ ಸಾಲದು. ತಾನು ಇರುವ ಜಾಗವನ್ನು ಊರು ಎಂದು ಒಪ್ಪಿಕೊಳ್ಳದವನು ಅದಕ್ಕಾಗಿ ಜಗಳವನ್ನೂ ಆಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಊರು ಎಂಬುದು ನಾವು ಉತ್ತರದಾಯಿಗಳಾಗಿರುವ ಜಾಗ, ಅಜ್ಜ ಉತ್ತರದಾಯಿಯಾಗಿದ್ದ ಜಾಗವಲ್ಲ.

ಬೇಗೂರು_ಕೆರೆ_ಏರಿ:

ಜಯನಗರದವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಬೆಂಗಳೂರು ಯಾರ ಮೂಲವೂ ಅಲ್ಲ ಎಂಬ ನಂಬಿಕೆ ಹೊಸದಾಗಿ ಬಂದವರಿಗಿಂತ ಹೆಚ್ಚಾಗಿ ನೋಯಿಸುವುದು ನಮ್ಮಂಥವರನ್ನು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿದ್ದ ಸುಮಾರು 890ರ ಕಾಲದ ಶಾಸನದಲ್ಲಿ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ, ಬೆಂಗಳೂರಿನ ಹೆಸರಿಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಆಧಾರಗಳಲ್ಲಿ ಅದೊಂದು. ಆ ಸೀಮೆಯಲ್ಲಿ ತಲೆತಲಾಂತರದಿಂದ ರಾಗಿ ಬೆಳೆದವರು ನಾವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ದೊಡ್ಡ ಪಾಲಿಕೆಯನ್ನು ರಚಿಸಿದಾಗ ಸುತ್ತಲಿನ ಹಳ್ಳಿಗಳಿಗೆ ಪಂಚಾಯಿತಿಯೂ ಗ್ರಾಮಸಭೆಯೂ ಇಲ್ಲವಾದವು, ಸರ್ವೆ ನಂಬರುಗಳು ಬಡಾವಣೆಗಳಾದವು. ಈಗ ನಮ್ಮ ಮನೆಗೆ ಬಾಡಿಗೆಗೆ ಬರುವವರು “ನಿಮ್ಮದು ಯಾವೂರು ಅಂಕಲ್?” ಎಂದು ಕೇಳುತ್ತಾರೆ, ಇಲ್ಲೇ ಎಂದರೆ ನಂಬುವುದಿಲ್ಲ.

ಊರದೇವತೆಯ ಹಬ್ಬ ಈಗಲೂ ನಡೆಯುತ್ತದೆ. ಆರತಿ ಹೊರುವ ಸರದಿ ಯಾವ ಮನೆತನದ್ದು ಎಂಬುದು ಈಗಲೂ ನಮಗೆ ತಿಳಿದಿದೆ. ಆದರೆ ಕೆರೆಯ ಬಗ್ಗೆ ತೀರ್ಮಾನ ಮಾಡುವಲ್ಲಿ ಆ ಮನೆತನಗಳಿಗೆ ಜಾಗವಿಲ್ಲ. ನಗರದ ಬಗ್ಗೆ ಹೊಣೆ ಹೊರಲು ಜನ ಇದ್ದರು, ನೀರಗಂಟಿ ಇದ್ದರು, ತೂಬು ಎತ್ತುವುದಕ್ಕೂ ಹೂಳು ತೆಗೆಯುವುದಕ್ಕೂ ಕಟ್ಟುಪಾಡು ಇತ್ತು. ಅದನ್ನು ತೆಗೆದುಹಾಕಿದ ಮೇಲೆ ಹೊಣೆ ಯಾರದು ಎಂದು ಹುಡುಕುತ್ತಿದ್ದೇವೆ.

ತಮಟೆ:

ಇದುವರೆಗಿನ ಮಾತುಗಳನ್ನೆಲ್ಲ ಓದಿದೆ. ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳಲು ಎಲ್ಲರಿಗೂ ಸಂತೋಷವಾಗುತ್ತದೆ ಎಂದು ಭಾವಿಸಿಕೊಂಡು ಚರ್ಚೆ ನಡೆದಿದೆ. ಊರು ಯಾವುದು ಎಂಬ ಪ್ರಶ್ನೆ ಒಂಟಿಯಾಗಿ ಬರುವುದು ಅಪರೂಪ. ಅದರ ಹಿಂದೆಯೇ ಊರಿನಲ್ಲಿ ಯಾವ ಕಡೆ ಮನೆ, ಯಾರ ಪೈಕಿ, ಮನೆದೇವರು ಯಾವುದು ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ನಾನು ಕೇರಿಯವನು ಎಂಬುದು ಗೊತ್ತಾಗಿರುತ್ತದೆ. ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದನ್ನು ನಮ್ಮವರೆಲ್ಲ ಬಲ್ಲರು. ಆದುದರಿಂದ ನಮ್ಮಲ್ಲಿ ಅನೇಕರು ಜಿಲ್ಲೆಯ ಹೆಸರು ಹೇಳಿ ನಿಲ್ಲಿಸುತ್ತಾರೆ, ಹೆಚ್ಚೆಂದರೆ ತಾಲ್ಲೂಕಿನ ಹೆಸರು ಹೇಳುತ್ತಾರೆ. ಹಳ್ಳಿಯ ಹೆಸರು ಹೇಳಿದರೆ ಆ ಹಳ್ಳಿಯನ್ನು ಬಲ್ಲವರು ಯಾರಾದರೂ ಇರಬಹುದಲ್ಲ.

ಅರಸೀಕೆರೆಯವರು ಊರು ಎಂದರೆ ನಮ್ಮನ್ನು ಕರೆಸಿಕೊಳ್ಳುವ ಹಕ್ಕಿರುವ ಜಾಗ ಎಂದರು. ಆ ಹಕ್ಕನ್ನು ನಮ್ಮ ಮೇಲೆ ಊರು ಚಲಾಯಿಸಿದಷ್ಟು ಬೇರೆ ಯಾರ ಮೇಲೂ ಚಲಾಯಿಸಿರಲಾರದು. ತೋಟಿ, ತಳವಾರಿಕೆಯ ಚಾಕರಿಗೆ ಕರೆದಾಗ ಹೋಗಬೇಕಿತ್ತು, ಸತ್ತ ಸುದ್ದಿ ಮುಟ್ಟಿಸಲು ಹೋಗಬೇಕಿತ್ತು, ಹಬ್ಬದಲ್ಲಿ ತಮಟೆ ಬಾರಿಸಿ ಗುಡಿಯ ಹೊರಗೆ ನಿಲ್ಲಬೇಕಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಆದರೆ ಕರೆಯುವ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದೆ ಎಂದು ಸಂತೋಷಪಟ್ಟದ್ದು ಏಕೆಂದು ನಮ್ಮ ಕೇರಿಗಳಲ್ಲಿ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ನನ್ನ ಹಳ್ಳಿಯ ಹೆಸರನ್ನು ಪೂರ್ತಿಯಾಗಿ ಹೇಳುತ್ತೇನೆ. ಆ ಕೆರೆಯ ಮಣ್ಣು ಹೊತ್ತವರು ನಮ್ಮ ಹಿರಿಯರು, ಆ ಊರಿನ ಸ್ಮಶಾನದ ಬದಿಯಲ್ಲಿ ಮಲಗಿರುವವರು ನಮ್ಮ ಹಿರಿಯರು. ಊರು ನಮ್ಮ ಮೇಲೆ ಹಕ್ಕು ಸಾಧಿಸಿದ್ದು ಸಾಕು. ಊರಿನ ಮೇಲೆ ನಮಗಿರುವ ಹಕ್ಕನ್ನು ಹೇಳಿಕೊಳ್ಳಲು ನನಗೆ ಇರುವ ಮೊದಲ ದಾರಿ ಅದರ ಹೆಸರನ್ನು ನನ್ನದೆಂದು ಹೇಳುವುದು.

ಜೋಳದ_ಸೀಮೆ:

ತಮಟೆಯವರೇ, ತಾವು ಹೇಳಿದ್ದು ಸತ್ಯ. ಆದರೂ ಒಂದು ಮಾತು. ಧಾರವಾಡ, ಗದಗ ಭಾಗದ ಬಸ್ಸುಗಳಲ್ಲಿ “ಯಾವೂರ್ರೀ ನಿಮ್ಮದು?” ಎಂಬುದು ಮಾತಿಗೆ ಮೊದಲು. ಆ ಊರಿನ ಮಳೆ ಬೆಳೆ ಹೇಗಿದೆ, ಸಂತೆ ಯಾವ ದಿನ, ಅಲ್ಲಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ಚೆನ್ನಾಗಿದ್ದಾಳೆಯೇ ಎಂದು ಮಾತು ಬೆಳೆಯುತ್ತದೆ. ಎಲ್ಲರೂ ಜಾತಿಯನ್ನು ಹುಡುಕುತ್ತಿರುತ್ತಾರೆ ಎನ್ನಲಾಗದು.

ತಮಟೆ:

ಕೇಳುವವರೆಲ್ಲರ ಮನಸ್ಸನ್ನು ನಾನು ಅನುಮಾನಿಸುತ್ತಿಲ್ಲ, ಸರ್. ಪ್ರೀತಿಯಿಂದ ಕೇಳುವವರು ಯಾರು, ಅಳೆಯಲು ಕೇಳುವವರು ಯಾರು ಎಂಬುದು ಉತ್ತರ ಕೊಟ್ಟ ಮೇಲೆ ಮಾತ್ರ ತಿಳಿಯುತ್ತದೆ. ಆ ಅಪಾಯವನ್ನು ಹೊರುವವರು ಕೇಳುವವರಲ್ಲ, ಹೇಳುವವರು.

ತವರಿನ_ದಾರಿ:

ಬರೆದವರೆಲ್ಲರೂ ತಮಗೆ ಒಂದು ಊರಿದೆ ಎಂಬಲ್ಲಿಂದಲೇ ಮಾತು ತೆಗೆದಿದ್ದೀರಿ. ಮದುವೆಯಾದ ಹೆಂಗಸರ ಬಗ್ಗೆ ಯಾರೂ ಯೋಚಿಸಿದಂತೆ ಕಾಣಲಿಲ್ಲ. ಜನಗಣತಿಯವರು ಹುಟ್ಟಿದ ಸ್ಥಳವನ್ನೂ ಹಿಂದಿನ ವಾಸಸ್ಥಳವನ್ನೂ ಊರು ಬಿಟ್ಟ ಕಾರಣವನ್ನೂ ಕೇಳುತ್ತಾರೆ. ಈ ದೇಶದಲ್ಲಿ ಊರು ಬಿಡಲು ಅತಿ ದೊಡ್ಡ ಕಾರಣವೆಂದು ಪ್ರತಿ ಬಾರಿಯೂ ದಾಖಲಾಗುವುದು ಮದುವೆ. ಅಂದರೆ ಊರು ಬದಲಿಸಿದವರಲ್ಲಿ ಹೆಚ್ಚಿನವರು ನಾವೇ.

ನಾನು ಹುಟ್ಟಿ ಬೆಳೆದದ್ದು ರಾಣೇಬೆನ್ನೂರಿನ ಕಡೆ, ಮದುವೆಯಾಗಿ ಬಂದದ್ದು ಚಿತ್ರದುರ್ಗಕ್ಕೆ. ತವರಿಗೆ ಹೋದರೆ ಓಣಿಯವರು “ಯಾವಾಗ ಊರಿಂದ ಬಂದಿ?” ಎಂದು ಕೇಳುತ್ತಾರೆ. ಗಂಡನ ಮನೆಯ ಬೀದಿಯಲ್ಲಿ ನನ್ನನ್ನು ಗುರುತಿಸುವುದು ರಾಣೇಬೆನ್ನೂರಿನವರು ಎಂದು. ಎರಡೂ ಕಡೆಯವರು ಪ್ರೀತಿಯವರೇ, ಆದರೆ ಇಬ್ಬರೂ ನನ್ನನ್ನು ಮತ್ತೊಬ್ಬರ ಊರಿಗೆ ಸೇರಿಸುತ್ತಾರೆ.

ಪಹಣಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿಯೇ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂದಿತು. ಆದರೂ ಅಕ್ಕತಂಗಿಯರು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ತಿಳಿವಳಿಕೆಯಿಲ್ಲದೆ ಸಹಿ ಮಾಡುತ್ತಾರೆ ಎಂದು ಓದಿದವರು ಹೇಳುತ್ತಾರೆ. ನಾನು ಬಲ್ಲ ಹೆಂಗಸರು ಚೆನ್ನಾಗಿ ತಿಳಿದೇ ಸಹಿ ಮಾಡಿದ್ದಾರೆ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಬಾಣಂತನಕ್ಕೆ ಬಾಗಿಲು ತೆರೆಯುವುದಿಲ್ಲ ಎಂಬ ಲೆಕ್ಕ ಅವರಿಗಿದೆ. ಹೊಲವನ್ನು ಬಿಟ್ಟುಕೊಟ್ಟು ಹೋಗಿಬರಲು ಒಂದು ಊರನ್ನು ಉಳಿಸಿಕೊಳ್ಳುತ್ತಾರೆ. ಗಂಡಸರಿಗೆ ಪಹಣಿ ಊರಿನ ಸಾಕ್ಷಿಯಾದರೆ ನಮಗೆ ಅದನ್ನು ಬಿಡುವುದೇ ಊರಿಗೆ ತೆರುವ ಬೆಲೆಯಾಗಿದೆ. ಇದು ನ್ಯಾಯವಲ್ಲ. ಇದನ್ನು ವಾಡಿಕೆ ಎಂದು ಒಪ್ಪಿಕೊಂಡು ಮುಂದೆ ಹೋಗುವುದನ್ನು ನಾನು ವಿರೋಧಿಸುತ್ತೇನೆ.

ಶರಾವತಿ_ಹಿನ್ನೀರು:

ತವರಿನ ದಾರಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಮೇಡಂ.

ಕರೆ ನಿಂತ ಮೇಲೆ ಊರಿನ ಹೆಸರು ಹೇಳಬಹುದೇ ಎಂಬ ಮೊದಲ ಪ್ರಶ್ನೆಗೆ ಮುಳುಗಡೆಯ ಕಡೆಯಿಂದ ಉತ್ತರಿಸುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿ ಹೋದವು. ಅದಕ್ಕೂ ಮೊದಲು ಹಿರೇಭಾಸ್ಕರ ಅಣೆಕಟ್ಟಿನಿಂದ ಒಮ್ಮೆ ಎದ್ದು ಹೋದವರು ಎರಡನೆಯ ಸಲ ಏಳಬೇಕಾಯಿತು. ಹೊಸ ಜಾಗದಲ್ಲಿ ನೆಲೆಸಿದ ನಮ್ಮ ಹಿರಿಯರನ್ನು ಸುತ್ತಲಿನವರು ಮುಳುಗಡೆಯವರು ಎಂದೇ ಕರೆದರು, ಕ್ರಮೇಣ ನಾವೂ ಹಾಗೆಯೇ ಹೇಳಿಕೊಂಡೆವು. ನಾಡಿಗೆ ಬೆಳಕು ಕೊಟ್ಟ ಯೋಜನೆಗೆ ಮನೆ ಬಿಟ್ಟವರ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಇತ್ಯರ್ಥವಾಗಿಲ್ಲ, ಏಕೆಂದರೆ ಅವರಿಗೆ ತೋರಿಸಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದೆ. ಹಳೆಯ ಊರು ನೀರಿನಲ್ಲಿದೆ, ಹೊಸ ಊರಿಗೆ ಪಹಣಿ ಇಲ್ಲ. ನಮ್ಮ ತಂದೆಯವರು ಊರು ಕೇಳಿದರೆ ಮುಳುಗಿದ ಹಳ್ಳಿಯ ಹೆಸರನ್ನೇ ಹೇಳುತ್ತಿದ್ದರು. ಆ ಹೆಸರನ್ನು ಹೇಳುವವರು ಇರುವವರೆಗೆ ಆ ಹಳ್ಳಿಯ ಲೆಕ್ಕ ಮುಗಿದಿಲ್ಲ ಎಂಬ ಹಟ ಅದರಲ್ಲಿತ್ತು ಎಂದು ನಾನು ತಿಳಿದಿದ್ದೇನೆ.

ನವನಗರ_ಸೆಕ್ಟರ್:

ನಮ್ಮದು ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪಟ್ಟಣದ ಒಂದು ಭಾಗ ಹೋಯಿತು, ಮತ್ತೊಂದು ಭಾಗ ಉಳಿಯಿತು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ವಿಳಾಸ ಹೇಳುವುದು ಸೆಕ್ಟರ್ ನಂಬರಿನಿಂದ, ಆದರೆ ಹಿರಿಯರು ಒಬ್ಬರನ್ನೊಬ್ಬರು ಗುರುತಿಸುವುದು ಹಳೆಯ ಪಟ್ಟಣದ ಓಣಿಗಳ ಹೆಸರಿನಿಂದ. ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದಾಗಿ ಇನ್ನಷ್ಟು ಹಳ್ಳಿಗಳು ಮುಳುಗಡೆಯ ಪಟ್ಟಿಯಲ್ಲಿವೆ. ಅಲ್ಲಿನವರು ವರ್ಷಗಳಿಂದ ಮನೆ ದುರಸ್ತಿ ಮಾಡಿಸಲೋ ಬೇಡವೋ ಎಂಬ ಯೋಚನೆಯಲ್ಲಿದ್ದಾರೆ. ಬಿಟ್ಟೂ ಬಿಡದ ಊರು ಅವರದು.

ಚಂದ್ರಗಿರಿ_ತೀರ:

ಕಾಸರಗೋಡಿನವರ ಪರವಾಗಿ ಸಂಕ್ಷೇಪವಾಗಿ ಬರೆಯುತ್ತೇನೆ. 1956ರ ನವೆಂಬರ್ 1ರವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಅಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಬೆಂಗಳೂರಿನಲ್ಲಿ ಊರಿನ ಹೆಸರು ಹೇಳಿದರೆ ಕೇರಳದವರಾಗಿ ಇಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತೀರಲ್ಲ ಎಂದು ಮೆಚ್ಚುತ್ತಾರೆ. ನಮ್ಮ ಮಕ್ಕಳು ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಸೀಟು ಕೇಳಬೇಕಾದರೆ ಕನ್ನಡ ಪರೀಕ್ಷೆ ಬರೆದು ತೋರಿಸಬೇಕು. ನಾನು ರಾಜ್ಯದ ಹೆಸರನ್ನು ಹೇಳುವುದನ್ನೇ ಬಿಟ್ಟಿದ್ದೇನೆ. ಗ್ರಾಮದ ಹೆಸರು ಹೇಳುತ್ತೇನೆ.

ತಾಂಡಾ_ಮಾಸ್ತರ:

ನಾನು ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾವೊಂದರವನು, ಪ್ರಾಥಮಿಕ ಶಾಲೆಯ ಶಿಕ್ಷಕ. ಊರಿದ್ದರೂ ದಾಖಲೆಯಲ್ಲಿ ಇಲ್ಲದವರ ಮಾತು ಇಲ್ಲಿ ಬರಲಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ತಾಂಡಾದಲ್ಲಿ ನೂರಾರು ಮನೆಗಳಿದ್ದವು, ಸೇವಾಲಾಲರ ಗುಡಿಯಿತ್ತು, ನಾಯಕ, ಕಾರಭಾರಿ ಇದ್ದರು. ಆದರೂ ಸರ್ಕಾರದ ಪುಸ್ತಕದಲ್ಲಿ ನಾವು ಪಕ್ಕದ ಹಳ್ಳಿಯ ಯಾವುದೋ ಸರ್ವೆ ನಂಬರಿನಲ್ಲಿದ್ದೆವು. ನನ್ನ ಶಾಲಾ ದಾಖಲೆಯಲ್ಲಿರುವುದು ಆ ಹಳ್ಳಿಯ ಹೆಸರು, ಪಡಿತರ ಚೀಟಿಯಲ್ಲಿದ್ದದ್ದೂ ಅದೇ.

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾ, ಬೆಂಗಳೂರಿಗೆ ಗುಳೆ ಹೋಗುವ ನಮ್ಮವರು ದೀಪಾವಳಿಗೆ ತಾಂಡಾಕ್ಕೆ ಬಂದೇ ಬರುತ್ತಾರೆ. ಅರಸೀಕೆರೆಯವರು ಹೇಳಿದ ಕರೆ ನಮಗೆ ಯಾವತ್ತೂ ತಾಂಡಾದಿಂದಲೇ ಬಂದಿದೆ. ಆದರೆ ಹೊರಗಿನ ಊರಿನಲ್ಲಿ ಪೊಲೀಸರೋ ಗುತ್ತಿಗೆದಾರರೋ ಊರು ಕೇಳಿದರೆ ದಾಖಲೆಯಲ್ಲಿರುವ ಹಳ್ಳಿಯ ಹೆಸರನ್ನು ಹೇಳಬೇಕು, ಇಲ್ಲದಿದ್ದರೆ ಗುರುತಿನ ಚೀಟಿಗೆ ತಾಳೆಯಾಗುವುದಿಲ್ಲ. ಆ ಹಳ್ಳಿಯವರು ನಮ್ಮನ್ನು ತಮ್ಮವರೆಂದು ಎಣಿಸಿದವರಲ್ಲ.

ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿಸಿದ ಮೇಲೆ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ದಾಖಲೆರಹಿತ ವಸತಿಗಳಲ್ಲಿ ಇರುವವರಿಗೆ ಮನೆಯ ಜಾಗದ ಹಕ್ಕು ಸಿಗುವ ದಾರಿಯಾಯಿತು, ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಮನೆಯ ಅಳತೆಯ ಜೊತೆಗೆ ತಾಂಡಾದ ಹೆಸರು ಅಚ್ಚಾದ ಕಾಗದವನ್ನು ಹಿಡಿದುಕೊಂಡು ಬಂದ ಮುದುಕರು ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು.

ಅರಸೀಕೆರೆ_ಜಂಕ್ಷನ್:

ಮಾಸ್ತರರೇ, ತಾವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಂದು ವಿಚಾರ ತಿಳಿಯಬೇಕಾಗಿದೆ. ಹಳೆಯ ದಾಖಲೆಗಳಲ್ಲಿ ಪಕ್ಕದ ಹಳ್ಳಿಯ ಹೆಸರು, ಹೊಸದರಲ್ಲಿ ತಾಂಡಾದ ಹೆಸರು ಇದ್ದರೆ ಮಕ್ಕಳಿಗೆ ಮುಂದೆ ತೊಂದರೆಯಾಗುವುದಿಲ್ಲವೇ?

ತಾಂಡಾ_ಮಾಸ್ತರ:

ಆಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೂ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪತ್ರಕ್ಕೂ ಅರ್ಜಿ ಹಾಕುವಾಗ ತಂದೆಯ ದಾಖಲೆಯ ಹಳ್ಳಿ ಬೇರೆ, ಮಗುವಿನ ದಾಖಲೆಯ ಹಳ್ಳಿ ಬೇರೆ ಎಂದು ಪ್ರಶ್ನೆ ಬರುತ್ತದೆ. ಅದಕ್ಕಾಗಿ ಪಾಲಕರಿಗೆ ನಾನು ಹೇಳುವುದಿಷ್ಟು: ತಾಂಡಾವನ್ನು ಕಂದಾಯ ಗ್ರಾಮವೆಂದು ಘೋಷಿಸಿದ ಅಂತಿಮ ಅಧಿಸೂಚನೆಯ ಪ್ರತಿಯನ್ನು ತಹಶೀಲ್ದಾರರ ಕಚೇರಿಯಿಂದ ಪಡೆದು ಇಟ್ಟುಕೊಳ್ಳಿ, ಯಾವ ಗ್ರಾಮದ ಯಾವ ಸರ್ವೆ ನಂಬರುಗಳಿಂದ ಹೊಸ ಗ್ರಾಮವಾಯಿತು ಎಂಬುದಕ್ಕೆ ಅದು ಆಧಾರ. ಅದರ ನೆರಳಚ್ಚನ್ನು ಅರ್ಜಿಯ ಜೊತೆಗೆ ಲಗತ್ತಿಸಿ. ಮಗುವಿನ ಆಧಾರ್ ವಿಳಾಸವನ್ನು ಒಂದನೆಯ ತರಗತಿಗೆ ಸೇರಿಸುವ ಮೊದಲೇ ತಾಂಡಾದ ಹೆಸರಿಗೆ ಬದಲಿಸಿಕೊಳ್ಳಿ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಈಗ ಸ್ವಂತ ಊರು ಎಂಬಲ್ಲಿ ತಾಂಡಾದ ಹೆಸರನ್ನೇ ಬರೆಯುತ್ತಿದ್ದೇವೆ. ಬೇರೆ ಜಿಲ್ಲೆಗಳ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಹೇಗೆ ಬರೆಯುತ್ತಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.